ಫ್ರಿಜ್ಜಿನ ಗಾಜು

ಬದಿಯಡ್ಕದ ಒಂದು ಮೆಡಿಕಲ್ ಶಾಪಿನಲ್ಲಿ 11 ವರ್ಷದಿಂದ ಇದ್ದೇನೆ. ಶುಗರ್, ಗ್ಯಾಸಿನ ಮಾತ್ರೆಯನ್ನು ಜನ ಜೋರಾಗಿಯೇ ಕೇಳುತ್ತಾರೆ. ಮುಖದ ಕ್ರೀಮ್ ಬೇಕಾದವರು ಮಾತ್ರ ಉಳಿದವರೆಲ್ಲ ಹೋಗುವವರೆಗೆ ಕಾಯುತ್ತಾರೆ. ಯಾಕೆ ಅಂತ ನನಗೆ ತಡವಾಗಿ ಗೊತ್ತಾಯಿತು.

ಕಾಲೇಜಿನ ಹುಡುಗಿಯೊಬ್ಬಳು ಬರುತ್ತಿದ್ದಳು. ಊರೆಲ್ಲ ಮಾಸ್ಕ್ ತೆಗೆದು ಎಷ್ಟು ಕಾಲವಾಯಿತು, ಇವಳದ್ದು ಮಾತ್ರ ಕಣ್ಣಿನವರೆಗೆ. ಖಾಲಿ ಟ್ಯೂಬ್ ತೋರಿಸಿ "ಅಕ್ಕಾ, ಇದೇ" ಅನ್ನುವಳು. ನಾನು ತೆಗೆದು ಕೊಡುವಷ್ಟರಲ್ಲಿ ಇನ್ಸುಲಿನ್ ಇಡುವ ಫ್ರಿಜ್ಜಿನ ಗಾಜಿನಲ್ಲಿ ಮಾಸ್ಕ್ ಇಳಿಸಿ ನೋಡುವುದು, ಏರಿಸುವುದು, ಮತ್ತೆ ಇಳಿಸುವುದು. ನಾಲ್ಕು ಮೊಡವೆಗೆ ಇಷ್ಟು ನಾಟಕವಾ ಅಂತ ನಗು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅದು ಸ್ಟೀರಾಯ್ಡ್ ಇರುವ ಕ್ರೀಮ್. 2018ರಿಂದ ಇಂಥವನ್ನು ಚೀಟಿ ಇಲ್ಲದೆ ಕೊಡಬಾರದು ಅಂತ ನಿಯಮ ಬಿಗಿಯಾಗಿದೆ. ಆದರೂ ಪರಿಚಯದ ಮುಖ ಅಂತ ಎರಡು ಸಲ ನಾನೇ ಕೊಟ್ಟೆ (ಮುಖ ಕಂಡದ್ದೇ ಇಲ್ಲ, ಅದು ಬೇರೆ). ಹಚ್ಚಿದ ಮೊದಲಿಗೆ ಮುಖ ನುಣ್ಣಗಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನಿಲ್ಲಿಸಿದರೆ ಕೆಂಪೇರಿ ಉರಿಯುತ್ತದೆ, ಮೊಡವೆಯೂ ಜಾಸ್ತಿ. ಹೆದರಿ ಮತ್ತೆ ಹಚ್ಚುತ್ತಾರೆ.

ಮೂರನೇ ಸಲ ಚೀಟಿ ಕೇಳಿದೆ, ಇರಲಿಲ್ಲ. ಡಾಕ್ಟರಿಗೆ ತೋರಿಸು ಅಂದೆ.

"ಅಲ್ಲಿ ಮಾಸ್ಕ್ ತೆಗೀಬೇಕಲ್ವಾ ಅಕ್ಕಾ?"

ಏನು ಹೇಳುವುದೆಂದು ತೋಚದೆ, ಸುಮ್ನೆ, "ಇದರಿಂದಾಗಿ ಏನೆಲ್ಲ ಬಿಟ್ಟಿದ್ದೀ?" ಅಂತ ಕೇಳಿದೆ. ಅಕ್ಕನ ಮಗುವಿನ ತೊಟ್ಟಿಲಿಗೆ ಹೋಗಿಲ್ಲ. 2025ರಲ್ಲಿ ಮಧೂರು ದೇವಸ್ಥಾನದ ಮೂಡಪ್ಪ ಸೇವೆಗೆ ಮನೆಯವರೆಲ್ಲ ಹೊರಟಾಗ ತಲೆನೋವು ಅಂತ ಮಲಗಿದ್ದಳಂತೆ. ಕಾಲೇಜಿಗೆ ವಾರದಲ್ಲಿ ಎರಡು ದಿನ. ರಾತ್ರಿ ನಿದ್ರೆ ಬಿಟ್ಟು ಮೊಬೈಲಿನ ಕ್ಯಾಮೆರಾದಲ್ಲಿ ಮುಖ ನೋಡುತ್ತಾ ಕೂರುವುದು.

ಮೊಡವೆ ಎಷ್ಟಿದೆ, ಮನಸ್ಸು ಎಷ್ಟು ಕುಗ್ಗಿದೆ, ಇವೆರಡರ ಲೆಕ್ಕ ತಾಳೆಯಾಗುವುದಿಲ್ಲ. ಮುಖದ ತುಂಬಾ ಬಂಗು ಇದ್ದರೂ ಆರಾಮವಾಗಿ ತಿರುಗುವವರಿದ್ದಾರೆ. ಬೇರೆಯವರ ಕಣ್ಣಿಗೆ ಬೀಳದ ಕಲೆಗಾಗಿ ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಹಿಡಿಯುವವರೂ ಇದ್ದಾರೆ. ಅದಕ್ಕೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅಂತ ಹೆಸರು, ಮನೋವೈದ್ಯರ ಹತ್ತಿರ ಚಿಕಿತ್ಸೆ ಇದೆ, ಕ್ರೀಮ್ ಬದಲಿಸಿದರೆ ಹೋಗುವಂಥದ್ದಲ್ಲ. ಇವಳಿಗೆ ಅದೇ ಅಂತಲ್ಲ, ಹಾಗೆ ಹೇಳುವುದು ನನ್ನ ಕೆಲಸವೂ ಅಲ್ಲ.

ಹಳೇ ಬಿಲ್ಲಿನ ಹಿಂದೆ ಚರ್ಮದ ಡಾಕ್ಟರು ಸಿಗುವ ದಿನ ಬರೆದೆ, ಕೆಳಗೆ ಟೆಲಿ ಮಾನಸ್ 14416, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು ಅಂದೆ.

ಈಗ ಮುಖದ ಕ್ರೀಮ್ ಕೇಳಿದವರಿಗೆಲ್ಲ ಆ ಪ್ರಶ್ನೆ ಕೇಳುತ್ತೇನೆ, ಕೌಂಟರ್ ಖಾಲಿ ಇದ್ದಾಗ, ದನಿ ತಗ್ಗಿಸಿ. ಕೆಲವರು "ನಿಮಗ್ಯಾಕೆ?" ಅಂತ ಹೋಗಿಬಿಡುತ್ತಾರೆ. ಹೋಗಲಿ.

ಮೊನ್ನೆ ಅಮ್ಮನ ಬಿಪಿ ಮಾತ್ರೆಗೆ ಬಂದಿದ್ದಳು. ಮುಖ ಇನ್ನೂ ಕೆಂಪೇ. ಗಾಜಿನತ್ತ ನೋಡಿದಳು, ಒಂದೇ ಸಲ. ಮಾಸ್ಕ್ ಗದ್ದದ ಕೆಳಗಿತ್ತು.