ಡಯನೆಲ್ಲಾ ಗಿಡ ಕೈಗೇ ಕಿತ್ತು ಬಂದ ದಿನ

ಹ್ಯಾಂಡೋವರ್ ವಾಕ್, ಅಂದರೆ ನಾವು ಮಾಡಿದ ತೋಟವನ್ನು ಸುತ್ತಾಡಿ ತೋರಿಸಿ ಒಪ್ಪಿಸುವ ಕೆಲಸ, ಶುರುವಾಗಿ 10 ನಿಮಿಷ ಆಗಿತ್ತು. ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟ್. ಪೋಡಿಯಂ (ಕೆಳಗಿನ ಮಹಡಿಗಳ ಮೇಲಿನ ಕಾಂಕ್ರೀಟ್ ಚಪ್ಪರ) ಮೇಲಿನ ಉದ್ದ ಪಾತಿಯಲ್ಲಿ ಹುಲ್ಲಿನಂಥ ಉದ್ದ ಎಲೆಯ ಅಲಂಕಾರದ ಗಿಡ ಡಯನೆಲ್ಲಾ 400 ಹಾಕಿದ್ದೆವು. ಅಸೋಸಿಯೇಷನ್‌ನ ಹಿರಿಯರೊಬ್ಬರು ಬಗ್ಗಿ ಒಣಗಿದ ಎಲೆಯೊಂದನ್ನು ಎಳೆದರು. ಇಡೀ ಗಿಡವೇ ಕೈಗೆ ಬಂತು. ಬುಡ ಕಂದಾಗಿ ಮೆತ್ತಗಾಗಿತ್ತು, ನಾರುತ್ತಿತ್ತು. ಅವರು ಏನೂ ಅನ್ನಲಿಲ್ಲ. ಪಕ್ಕದ್ದನ್ನು ಎಳೆದರು, ಅದೂ ಬಂತು. ಮೂರನೆಯದೂ ಬಂತು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಎಲೆಯ ತುದಿ ಕಂದಾಗುತ್ತಿರುವುದನ್ನು 3 ವಾರದಿಂದ ನೋಡುತ್ತಲೇ ಇದ್ದೆ. ನಮ್ಮದು ಬಿಳಿ ಅಂಚಿನ ಜಾತಿ. ಮಧ್ಯಾಹ್ನದ ಬಿಸಿಲಿಗೆ ಅದರ ಎಲೆ ಸುಡುತ್ತದೆ. ಎಸ್‌ಟಿಪಿ ನೀರಿನ (ಶುದ್ಧೀಕರಿಸಿದ ಕೊಳಚೆ ನೀರಿನ) ಉಪ್ಪಿಗೂ ತುದಿ ಸುಡುತ್ತದೆ. ನೀರು ಸಾಲುತ್ತಿಲ್ಲ ಅಂತ ನಾನೇ ತೀರ್ಮಾನಿಸಿ ಡ್ರಿಪ್ ಟೈಮರನ್ನು 10 ನಿಮಿಷದಿಂದ 20ಕ್ಕೆ ಏರಿಸಿದೆ. ನಮ್ಮಲ್ಲಿ ಕಳೆ ತೆಗೆಯುವ ಕೊಪ್ಪಳ ಕಡೆಯ ಅಕ್ಕ ಆಗಲೇ ಹೇಳಿದ್ದರು: "ಸರ್, ಬುಡ ನಾರಾಕತ್ತೈತ್ರಿ. ನೀರ್ ಹೆಚ್ಚಾಗೈತ್ರಿ." ಗೊಬ್ಬರದ ವಾಸನೆ ಇರಬೇಕು ಅಂದುಬಿಟ್ಟೆ. ಸನಿಕೆ ಹಾಕಿ ಒಂದೇ ಒಂದು ಗಿಡ ಎತ್ತಿ ನೋಡಿದ್ದರೆ ಸಾಕಿತ್ತು. ಅದು ಇವತ್ತಿಗೂ ಚುಚ್ಚುತ್ತದೆ.

ಮಧ್ಯಾಹ್ನ ಪಾತಿ ಅಗೆದೆವು. ಟೈಲ್ಸ್ ಕೆಲಸದವರು ತೊಳೆದು ಬಿಟ್ಟ ಸಿಮೆಂಟ್ ನೀರು ಪಾತಿಯ ನೀರು ಹೊರಹೋಗುವ ಔಟ್‌ಲೆಟ್‌ನಲ್ಲಿ ಕಲ್ಲಾಗಿ ಕೂತಿತ್ತು. ನೀರು ಬಸಿಯಲೆಂದು ಮಣ್ಣಿನ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಸು, ಡ್ರೈನ್ ಸೆಲ್, ಅದರ ತುಂಬ ನೀರು. ಡಯನೆಲ್ಲಾ ಒಮ್ಮೆ ಬೇರು ಬಿಟ್ಟರೆ ಸ್ವಲ್ಪ ದಿನ ನೀರಿಲ್ಲದೆಯೂ ಬದುಕುತ್ತದೆ. ಬುಡದಲ್ಲಿ ನಿಂತ ನೀರನ್ನು ಮಾತ್ರ ತಾಳಿಕೊಳ್ಳುವುದಿಲ್ಲ. ತುದಿ ಮಾತ್ರ ಒಣಗಿ ಬುಡ ಗಟ್ಟಿಯಿದ್ದರೆ ಬಿಸಿಲೋ ಉಪ್ಪೋ ಇರಬಹುದು. ಬುಡವೇ ಮೆತ್ತಗಾಗಿದ್ದರೆ ಮೊದಲು ನೀರು ಹಾಕುವುದನ್ನು ನಿಲ್ಲಿಸಬೇಕು.

ಔಟ್‌ಲೆಟ್ ಒಡೆದು ತೆರೆಸಿ, ಕೆಮ್ಮಣ್ಣಿಗೆ ಮರಳು ಜಾಸ್ತಿ ಬೆರೆಸಿ ಪಾತಿಯನ್ನು ಎತ್ತರಿಸಿದೆವು. ಯಾವ ಗಿಡ ಉಳಿಯುತ್ತದೆ ಅಂತ ಆರಿಸಿದ್ದು ಅಕ್ಕನೇ. ಕೊಳೆತ ಬೇರು ಕತ್ತರಿಸಿ, ಗಟ್ಟಿ ಗೆಡ್ಡೆಗಳನ್ನು ಬೇರಿನ ಸಮೇತ ಬಿಡಿಸಿ ಒಂದೊಂದು ಅಡಿ ಬಿಟ್ಟು ನೆಟ್ಟರು. 400ರಲ್ಲಿ 160 ಉಳಿದವು. ಬಿಳಿ ಅಂಚಿಲ್ಲದ ಬರೀ ಹಸಿರು ಮರಿಗಳನ್ನು ಅವರು ಆಗಾಗ ಕಿತ್ತು ಹಾಕುತ್ತಾರೆ. ಬಿಟ್ಟರೆ ಅವೇ ಬೆಳೆದು ಉಳಿದದ್ದನ್ನು ಮುಚ್ಚಿಬಿಡುತ್ತವೆ. ಮೊನ್ನೆ ಎರಡು ಗಿಡದಲ್ಲಿ ಸಣ್ಣ ನೀಲಿ ಹೂ ಬಂತು. ನನ್ನನ್ನು ಕರೆದು ತೋರಿಸಿದ್ದು ಅವರೇ.

ಮೊದಲ ಸಲ ನಾವು ಅರ್ಧ ಅಡಿಗೊಂದು ನೆಟ್ಟಿದ್ದೆವು. ಹ್ಯಾಂಡೋವರ್ ಫೋಟೋದಲ್ಲಿ ಪಾತಿ ತುಂಬಿದ ಹಾಗೆ ಕಾಣಲಿ ಅಂತ. ಅಷ್ಟು ಒತ್ತಾಗಿದ್ದರೆ ಗಾಳಿ ಆಡುವುದು ಎಲ್ಲಿಂದ? ಹೊಸ ಸೈಟ್‌ನ ಬಿಒಕ್ಯೂ (ಕೆಲಸ, ಸಾಮಾನುಗಳ ಪಟ್ಟಿ) ಕೂಡ ಬಂದಿದೆ. ಅದರಲ್ಲೂ ಅರ್ಧ ಅಡಿಯೇ ಇದೆ. ಒಂದು ಅಡಿ ಮಾಡಿ, ಗಿಡ ಇಳಿಸುವ ಮೊದಲು ಔಟ್‌ಲೆಟ್‌ಗೆ ನೀರು ಬಿಟ್ಟು ನೋಡುವ ಕೆಲಸಕ್ಕೂ ಒಂದು ಲೈನ್ ಸೇರಿಸಿ ಅಂತ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ. ನಾಳೆ ಆಫೀಸಿಗೇ ಹೋಗಿ ಕೇಳುತ್ತೇನೆ.