ಕಳೆಯೋದು ಬೇಡ ಪುಟ್ಟಿ

ಭಾನುವಾರದಿಂದ ನನ್ನ ಮೊಬೈಲಿನಲ್ಲಿ ಒಂದು ಫೋಟೋ ಇದೆ. ದೊಡ್ಡದು ಮಾಡಿ ನೋಡುತ್ತೇನೆ, ಮುಚ್ಚಿಡುತ್ತೇನೆ, ಸ್ವಲ್ಪ ಹೊತ್ತಿಗೆ ಮತ್ತೆ ತೆಗೆಯುತ್ತೇನೆ. ಹಳೇ ಕ್ರಿಕೆಟ್ ಸ್ಕೋರ್ ಬುಕ್ಕಿನ ಒಂದು ಪುಟ. 1979ರದ್ದು. ಏಳನೇ ಸಾಲಿನಲ್ಲಿ ಅಪ್ಪಯ್ಯನ ಹೆಸರು, ಅದರ ಮುಂದೆ 'ಬೌಲ್ಡ್', ಸಾಲಿನ ಕೊನೆಯಲ್ಲಿ 3. ಆ 3ರ ಪಕ್ಕದಲ್ಲೇ ಚಹಾ ಚೆಲ್ಲಿದ ಹಾಗೆ ಒಂದು ಕಂದು ಕಲೆ.

ನಮ್ಮನೆಯ 37ರ ವಿಷಯ ನೆಂಟರಿಗೆಲ್ಲ ಗೊತ್ತು. ಕಾಲೇಜಿನಲ್ಲಿದ್ದಾಗ ಅಪ್ಪಯ್ಯ ತೀರ್ಥಹಳ್ಳಿ ಕಡೆಯ ತಂಡದ ಜೊತೆ ಶಿವಮೊಗ್ಗಕ್ಕೆ ಆಡಲು ಬಂದಿದ್ದರು. ತೆಂಗಿನ ನಾರಿನ ಮ್ಯಾಟ್ ಹಾಸಿದ ಪಿಚ್, ಮೇ ತಿಂಗಳ ಕೊನೆ, ಮಧ್ಯದಲ್ಲಿ ಮಳೆ ಹೊಡೆದು ಎಲ್ಲರೂ ಮ್ಯಾಟ್ ಸುತ್ತಿಕೊಂಡು ಓಡಿದ್ದು, ಮಳೆ ಬಿಟ್ಟ ಮೇಲೆ ಇವರು ಹೋಗಿ 37 ಹೊಡೆದಿದ್ದು. ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನನ್ನ ಮದುವೆಯ ದಿನ ಬೀಗರಿಗೂ ಹೇಳಿದ್ದರು. ತಮಾಷೆ ಅಂದರೆ, ಈ ಸಲ ಅಡಿಕೆ ಎಷ್ಟಾಯ್ತು ಅಂತ ಯಾರಾದರೂ ಕೇಳಿದರೆ ಇದೇ ಮನುಷ್ಯ ಆಗಿದ್ದರಲ್ಲಿ ಅರ್ಧ ಹೇಳುತ್ತಾರೆ, ಅದೂ ಕೊಳೆರೋಗದ ಕಥೆ ಸೇರಿಸಿ.

ಶಿವಮೊಗ್ಗದ ಒಂದು ಹಳೇ ಶಾಲೆಯಲ್ಲಿ ಎರಡು ಕೋಣೆ ಖಾಲಿ ಮಾಡಿ ಈ ಕಡೆಯ ಆಟೋಟದ ಹಳೇ ಸಾಮಾನು, ಫೋಟೋ ಎಲ್ಲ ಜೋಡಿಸಿದ್ದಾರೆ ಅಂತ ಯಾರೋ ಹೇಳಿದ್ದರು. ಅಪ್ಪಯ್ಯ, ಅಮ್ಮ, ನಾನು, ನಮ್ಮನೆಯವರು, ಐದನೇ ಕ್ಲಾಸಿನ ಮಗಳು ಹೊರಟೆವು. ನಮ್ಮನೆಯವರು ಬಾಗಿಲಲ್ಲೇ ಫೋನ್ ಬಂತು ಅಂತ ನಿಂತವರು ಕೊನೆಯ ತನಕ ಒಳಗೆ ಬರಲಿಲ್ಲ. ಅವರಿಗೆ ಮ್ಯೂಸಿಯಂ ಅಂದರೆ ಹಾಗೆಯೇ.

ಮೊದಲ ಕೋಣೆಯಲ್ಲಿ ಕುಸ್ತಿ. ಗರಡಿಮನೆಯ ಗದೆಗಳು, ಮೀಸೆ ತಿರುವಿ ನಿಂತ ಪೈಲ್ವಾನರ ಫೋಟೋಗಳು. ಹೋರಿ ಹಬ್ಬದ ಒಂದು ಕೊಬ್ಬರಿ ಹಾರವನ್ನೂ ಗಾಜಿನೊಳಗೆ ತೂಗುಹಾಕಿದ್ದಾರೆ. ದೀಪಾವಳಿ ಆದ ಮೇಲೆ ಶಿಕಾರಿಪುರ, ಸೊರಬದ ಕಡೆ ಹೋರಿ ಓಡಿಸುವಾಗ ಹುಡುಗರು ಜೀವ ಕೈಯಲ್ಲಿ ಹಿಡಿದು ಕೀಳುವುದು ಇಂಥದ್ದನ್ನೇ. ಇದರಲ್ಲಿ ಎರಡು ಗಿಟುಕನ್ನು ಇಲಿ ತಿಂದಿತ್ತು. ಯಾವ ಹುಡುಗನಿಗೂ ಸಿಗದ್ದು ಇಲಿಗೆ ಸಿಕ್ಕಿತಲ್ಲ ಅಂತ ಅಮ್ಮ ನಕ್ಕಳು.

ಎರಡನೇ ಕೋಣೆಯ ಅರ್ಧ ಗೋಡೆ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಅವರಿಗೆ. ಇರಬೇಕಾದ್ದೇ. 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಆಟ ಕಲಿತಿದ್ದು ಬೆಂಗಳೂರಲ್ಲಿ, ಆದರೂ ನಮ್ಮವರೇ ಅಂತ ನಾವು ಬಿಟ್ಟುಕೊಡುವುದಿಲ್ಲ. ಅಪ್ಪಯ್ಯ ಅಲ್ಲಿ ನಿಂತು ಶುರು ಮಾಡಿದರು. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನ್ನಿಂಗ್ಸ್ ಸೊನ್ನೆ, ಎರಡನೆಯದರಲ್ಲಿ 137. 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತಾಗ ಒಂದು ಕಡೆ ಇವರೊಬ್ಬರೇ ನಿಂತು ಔಟಾಗದೆ 97. ಇಷ್ಟು ಸಾಲದು ಅಂತ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಬಾಂಬೆ ಟೆಸ್ಟಿನ ಕಥೆ. 1980, ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡಿನ ಬಾಬ್ ಟೇಲರ್ ಔಟ್ ಅಂತ ಅಂಪೈರ್ ಬೆರಳೆತ್ತಿ ಆಗಿತ್ತು. ಬ್ಯಾಟಿಗೆ ಚೆಂಡು ತಾಗಿಲ್ಲ ಅನ್ನಿಸಿ ಇವರು ವಾಪಸ್ ಕರೆದರು. ಆ ಟೇಲರ್ ಬಾಥಮ್ ಜೊತೆ ಸೇರಿ 171 ರನ್ ಕೂಡಿಸಿದ, ನಾವು 10 ವಿಕೆಟ್‌ನಿಂದ ಸೋತೆವು.

"ಸೋತ್ರೂ ಪರವಾಗಿಲ್ಲ ಪುಟ್ಟಿ. ಸುಳ್ಳು ರನ್ನು, ಸುಳ್ಳು ವಿಕೆಟ್ಟು ಇಟ್ಕೊಬಾರದು."

ಈ ಮಾತು ಹೇಳಿ ಐದು ನಿಮಿಷ ಆಗಿರಲಿಲ್ಲ. ಕಿಟಕಿ ಹತ್ತಿರದ ಗಾಜಿನ ಪೆಟ್ಟಿಗೆಯಲ್ಲಿ ಆ ಸ್ಕೋರ್ ಬುಕ್ ತೆರೆದಿಟ್ಟಿದ್ದರು. ಮೊದಲು ನೋಡಿದ್ದು ಮಗಳು. ಇಡೀ ಕೋಣೆಗೆ ಕೇಳುವ ಹಾಗೆ, "ಅಜ್ಜಾ, ನಿನ್ನ ಹೆಸ್ರು! ಮೂರು!"

ಅಪ್ಪಯ್ಯ ಕನ್ನಡಕ ಮೇಲೇರಿಸಿ ಬಗ್ಗಿದರು. ಆ ಬೆನ್ನು ನನಗೆ ಈಗಲೂ ಕಾಣುತ್ತದೆ. ಬಹಳ ಹೊತ್ತು ಏಳಲೇ ಇಲ್ಲ. ಎದ್ದವರು, "3ರ ಪಕ್ಕ 7 ಇತ್ತು. ಮಳೆ ನೀರಿಗೆ ಹೋಗಿದೆ ನೋಡು" ಅಂದರು. ಕಲೆ ಇದ್ದದ್ದು ನಿಜ. ಅದರ ಅಡಿಯಲ್ಲಿ 7 ಇರಬಹುದು, ಏನೂ ಇಲ್ಲದಿರಬಹುದು.

ಮಗಳು ಬಿಡಬೇಕಲ್ಲ. "ಕೆಳಗೆ ಟೋಟಲ್ ಇದೆ ಅಜ್ಜ, 112. ಉಳಿದವ್ರದ್ದೆಲ್ಲ ಕೂಡ್ಸಿ, ಇದ್ರಲ್ಲಿ ಕಳೆದ್ರೆ ನಿಂದು ಎಷ್ಟು ಅಂತ ಗೊತ್ತಾಗುತ್ತೆ. ಕಳೀಲಾ?" ಅಂತ ಬೆರಳು ಮಡಚಿ ಶುರುವನ್ನೂ ಮಾಡಿದಳು. ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ನಿವೃತ್ತ ಪಿಟಿ ಮೇಷ್ಟ್ರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಆಗ ಅಮ್ಮ ಬಂದಳು. ಆ ತನಕ ಆಚೆ ಗೋಡೆಯಲ್ಲಿದ್ದ ಹುಡುಗಿಯರ ಖೋ ಖೋ ತಂಡದ ಫೋಟೋ ನೋಡುತ್ತಿದ್ದಳು. ಪುಟ್ಟಿಯ ಮಡಚಿದ ಬೆರಳುಗಳನ್ನು ಹಾಗೇ ತನ್ನ ಮುಷ್ಟಿಯೊಳಗೆ ಹಿಡಿದುಕೊಂಡು, "ಕಳೆಯೋದು ಬೇಡ ಪುಟ್ಟಿ, ಬಾ" ಅಂದಳು. ಅಷ್ಟೇ. ಬೈದ ದನಿ ಅಲ್ಲ, ನಗುವೂ ಇಲ್ಲ. ಅಪ್ಪಯ್ಯ ಆಕಡೆ ತಿರುಗಿ ಯಾವುದೋ ಹಳೇ ಪ್ಯಾಡನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ನಾನು ಮಾತ್ರ ಕಳ್ಳಿಯ ಹಾಗೆ ಒಂದು ಫೋಟೋ ಹೊಡೆದುಕೊಂಡೆ.

ಬರುವಾಗ ಕಾರಿನಲ್ಲಿ ಯಾರೂ ಕ್ರಿಕೆಟ್ ಮಾತೆತ್ತಲಿಲ್ಲ. ಮಂಡಗದ್ದೆ ದಾಟುವಾಗ ಅಮ್ಮನನ್ನು ಕೇಳಿದೆ, ಖೋ ಖೋ ಫೋಟೋದಲ್ಲಿ ನಿನಗೆ ಗೊತ್ತಿದ್ದವರು ಯಾರಾದರೂ ಇದ್ದರಾ ಅಂತ. ಇಲ್ಲ ಅಂದಳು. "ಗೊತ್ತಿದ್ರೂ ಹೆಂಗೆ ಹುಡುಕೋದು, ಹೆಸರೇ ಬರ್ದಿಲ್ಲ" ಅಂದಳು. ಹೌದು, ಗಂಡಸರ ಫೋಟೋಗಳ ಕೆಳಗೆ ಕುಳಿತವರು, ನಿಂತವರು ಅಂತ ಎಡದಿಂದ ಬಲಕ್ಕೆ ಹೆಸರು, ಇನಿಷಿಯಲ್ ಸಮೇತ. ಇವರಿಗೆ 'ಬಾಲಕಿಯರ ತಂಡ'. ಜೋಡಿಸಿದವರಿಗೆ ಅದು ಕಣ್ಣಿಗೆ ಬಿದ್ದೇ ಇಲ್ಲ ಅನ್ನಿಸುತ್ತದೆ. ನೀನು ಆಡ್ತಿದ್ಯಾ ಅಂದೆ. "ಏಳನೇ ಕ್ಲಾಸಿನ ತನಕ. ಕಂಬ ಸುತ್ತೋದು ನಂಗೆ ಚೆನ್ನಾಗಿ ಬರ್ತಿತ್ತು." 37ರ ಕಥೆ ನೂರು ಸಲ ಕೇಳಿದ್ದೇನೆ, ಇದನ್ನು ಒಂದು ಸಲವೂ ಕೇಳಿರಲಿಲ್ಲ. ಅಪ್ಪಯ್ಯ ಮುಂದಿನ ಸೀಟಿನಿಂದ ತಿರುಗಿ ನೋಡಿದರು. ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ರಾತ್ರಿ ಅಡುಗೆಮನೆಯಲ್ಲಿ ಕೇಳಿಯೇ ಬಿಟ್ಟೆ. ಅಮ್ಮ, ನಿನಗೆ ನಿಜ ಗೊತ್ತಾ? ಅವಳು ಮಜ್ಜಿಗೆ ಪಾತ್ರೆ ಮುಚ್ಚುತ್ತಾ, "ಮದುವೆಯಾದ ವರ್ಷ ಇವರ ಜೊತೆ ಆಡಿದವರೊಬ್ಬರು ಊಟಕ್ಕೆ ಬಂದಿದ್ರು" ಅಂದಳು. ಏನು ಹೇಳಿದರು ಅಂದೆ. "ಊಟ ಚೆನ್ನಾಗಿದೆ ಅಂದ್ರು" ಅಂತ ದೀಪ ಆರಿಸಿ ಹೋದಳು.

ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಹತ್ತು ಸಾಲು ಕೂಡಿಸಿ ಒಂದು ಕಳೆಯಲು ಒಂದು ನಿಮಿಷ ಸಾಕು. ಇತರೆ ರನ್ನು ಕೂಡ ಫೋಟೋದಲ್ಲಿ ಸ್ಪಷ್ಟವಾಗಿದೆ. ನಾಲ್ಕು ದಿನದಿಂದ ನಾಲ್ಕನೇ ಸಾಲಿನ ತನಕ ಕೂಡಿಸುತ್ತೇನೆ, ಆ ಮುಷ್ಟಿ ನೆನಪಾಗುತ್ತದೆ, ಬಿಡುತ್ತೇನೆ. ನಿಜ ಹೇಳಬೇಕೆಂದರೆ ಸಿಟ್ಟೂ ಇದೆ. ನಮ್ಮ ಕಡೆ ಗಂಡಸರ ಕಥೆಗಳನ್ನು ಹೆಂಗಸರು ಹೀಗೆ ಕಾಯುತ್ತಲೇ ಇರಬೇಕಾ ಅಂತ. ಆಮೇಲೆ, ಆ 19 ವರ್ಷದ ಹುಡುಗ ಅಷ್ಟು ದೂರ ಬಸ್ಸಿನಲ್ಲಿ ಬಂದು, ಮಳೆಯಲ್ಲಿ ನೆಂದು, ಬೌಲ್ಡ್ ಆಗಿ, ಮತ್ತೆ ಅದೇ ಬಸ್ಸಿನಲ್ಲಿ ಊರಿಗೆ ಹೋಗಿ ಎಷ್ಟು ಹೊಡೆದೆ ಅಂತ ಕೇಳಿದವರಿಗೆ ಏನಾದರೂ ಹೇಳಲೇಬೇಕಿತ್ತಲ್ಲ ಅನ್ನಿಸಿ ಸಿಟ್ಟು ಇಳಿಯುತ್ತದೆ.

ಮೊನ್ನೆ ಅಪ್ಪಯ್ಯ ತಾವಾಗಿ, "ಫೋಟೋ ತೆಗ್ದಿದ್ಯಲ್ಲ, ನಂಗೂ ಕಳ್ಸು" ಅಂದರು. ನಾನು ತೆಗೆದದ್ದು ಅವರಿಗೆ ಗೊತ್ತಾಗಿತ್ತು! ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಿತ್ತು. ಏನೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಜಗಲಿಯಲ್ಲಿ ಪಕ್ಕದ ಮನೆಯವರಿಗೆ ಅದನ್ನೇ ತೋರಿಸುತ್ತಿದ್ದರು, ನನ್ನ ಹೆಸರು ಮ್ಯೂಸಿಯಂನಲ್ಲಿ ಉಂಟು ಅಂತ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಎಷ್ಟು ಹೊಡ್ದಿದ್ರಿ ಇದ್ರಲ್ಲಿ?" ಅಂದರು. ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಪ್ಪಯ್ಯ ಅವಳ ಕಡೆ ಒಂದು ಸಲ ನೋಡಿದರು.

"ಮಳೆಗೆ ಅಳಿಸಿ ಹೋಗಿದೆ ಮಾರಾಯ್ರೆ" ಅಂದರು.