ಬೆಳಗಿನ ಜಾವದ ನೀರು: ನಮ್ಮ ಕೆರೆ ಪರೀಕ್ಷೆ ಎಲ್ಲಿಗೆ ಬಂತು

ಹೋದ ವರ್ಷ ನಮ್ಮ ಗುಂಪು ಕೆರೆ ನೀರು ಅಳೆದು ಬರೆದಿಟ್ಟ ಲೆಕ್ಕದ ಪುಸ್ತಕ ನೋಡಿದವರೆಲ್ಲ "ಪರವಾಗಿಲ್ವೇ, ಕೆರೆ ಚೆನ್ನಾಗೇ ಇದೆಯಲ್ಲ" ಅಂದಿದ್ದರು. ಭಾನುವಾರ ಬೆಳಗ್ಗೆ ಹತ್ತು ಗಂಟೆಯ ನೀರಿನಲ್ಲಿ ಆಮ್ಲಜನಕ ಧಾರಾಳವಾಗಿತ್ತು. ಆದರೆ ತೆಪ್ಪದಲ್ಲಿ ಬಲೆ ಬಿಡುವವರು ಹೇಳೋದೇ ಬೇರೆ. "ಹತ್ತು ಗಂಟೆಗೆ ಬಂದ್ರೆ ಏನ್ ಕಾಣ್ತದೆ ಸಾರ್? ಕೋಳಿ ಕೂಗೋ ಹೊತ್ತಿಗೆ ಬನ್ನಿ. ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿರ್ತವೆ." ಈ ವರ್ಷದ ಕೆಲಸ ಶುರುವಾಗಿದ್ದು ಆ ಮಾತಿನಿಂದಲೇ. ಒಂದೇ ಜಾಗದ ನೀರನ್ನು ಬೆಳಕು ಹರಿಯುವ ಮುಂಚೆ ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಮ್ಮೆ ತೆಗೆದು ಹೋಲಿಸೋದು.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಇದು ಬೆಂಗಳೂರಿನ ಅಂಚಿನ ಸಣ್ಣ ಕೆರೆ. ಒಂದು ಕಡೆ ಹಳೇ ಏರಿ, ಮಿಕ್ಕ ಕಡೆಯೆಲ್ಲ ಸೈಟುಗಳು. ಗದ್ದೆಗಳು ಹೋದ ಮೇಲೆ ತೂಬಿಗೆ ಕೆಲಸವಿಲ್ಲ, ಕೋಡಿ ಮಾತ್ರ ಇದೆ. ಕಾಲುವೆಯಲ್ಲಿ ಬೇಸಿಗೆಯಲ್ಲೂ ನೀರು ಹರಿಯುತ್ತದೆ. ಮಳೆನೀರಿನ ಕಾಲುವೆಯಲ್ಲಿ ಏಪ್ರಿಲ್ ತಿಂಗಳಲ್ಲಿ ನೀರು ಎಲ್ಲಿಂದ ಬರಬೇಕು? ಗೊತ್ತೇ ಇದೆ ಅಲ್ವಾ.

ಫೆಬ್ರವರಿ: ಸಾಮಾನು

ಆಮ್ಲಜನಕ ಅಳೆಯುವ ಒಳ್ಳೆಯ ಮೀಟರ್ ನಮ್ಮ ಕೈಗೆಟುಕುವ ಬೆಲೆಯಲ್ಲಿಲ್ಲ. ಹಾಗಾಗಿ 1888ರಿಂದ ನಡೆದುಕೊಂಡು ಬಂದಿರುವ, ರಾಸಾಯನಿಕ ಬೆರೆಸಿ ಅಳೆಯುವ ವಿಂಕ್ಲರ್ ವಿಧಾನವನ್ನೇ ಹಿಡಿದೆವು. ಗುಂಪಿನಲ್ಲಿ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಒಬ್ಬರಿದ್ದಾರೆ. ಆಸಿಡ್ ಬಾಟಲಿ ಅವರ ಕೈಯಲ್ಲಿ ಮಾತ್ರ, ಅದೂ ಕನ್ನಡಕ, ಗ್ಲೌಸ್ ಹಾಕಿದ ಮೇಲೆ. ಈ ವಿಷಯದಲ್ಲಿ ಅವರು ಯಾರ ಮಾತೂ ಕೇಳಲ್ಲ, ಕೇಳಲೂ ಬಾರದು.

ನೀರಿನ ತಿಳಿ ನೋಡಲು ಸೆಕ್ಕಿ ತಟ್ಟೆ ಬೇಕಿತ್ತು. 1865ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ಏಂಜೆಲೊ ಸೆಕ್ಕಿ ಸಮುದ್ರದಲ್ಲಿ ಮಾಡಿ ನೋಡಿದ ಉಪಾಯ ಇದು. ನಾವು 20 ಸೆಂಟಿಮೀಟರ್ ಅಗಲದ ಸ್ಟೀಲ್ ಮುಚ್ಚಳಕ್ಕೆ ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಪೇಂಟ್ ಬಳಿದೆವು. ಕೆಳಗೆ ಭಾರಕ್ಕೆ ಒಂದು ಕಬ್ಬಿಣದ ನಟ್, ಮೇಲೆ ಗುರುತು ಹಾಕಿದ ದಾರ. ಇಳಿಸುತ್ತಾ ಹೋಗಿ ತಟ್ಟೆ ಮಾಯವಾಗುವ ಆಳ, ಎತ್ತುವಾಗ ಮತ್ತೆ ಕಾಣುವ ಆಳ, ಎರಡರ ಸರಾಸರಿ. ನಮ್ಮ ಕೆರೆಯಲ್ಲಿ ಒಂದು ಗೇಣು ಇಳಿಯುವಷ್ಟರಲ್ಲಿ ತಟ್ಟೆ ಕಾಣೆ. ನೀರು ಅಷ್ಟು ಹಸಿರು.

ಮಾರ್ಚ್: ಎರಡು ಹೊತ್ತಿನ ನೀರು

ಈ ತಿಂಗಳ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಇಡೀ ಪ್ರಾಜೆಕ್ಟಿನ ತಿರುಳು ಇಲ್ಲೇ ಇದೆ.

ವಿಂಕ್ಲರ್ ಪರೀಕ್ಷೆ ಕಣ್ಣಿಗೆ ಕಾಣುವಂಥದ್ದು. 300 ಮಿಲಿಲೀಟರ್ ಗಾಜಿನ ಬಾಟಲಿಯಲ್ಲಿ ಒಂದೂ ಗುಳ್ಳೆ ಉಳಿಯದಂತೆ ನೀರು ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆತ ಅಯೊಡೈಡ್ ದ್ರಾವಣ, ತಲಾ 2 ಮಿಲಿಲೀಟರ್, ಪಿಪೆಟ್ ತುದಿಯನ್ನು ನೀರೊಳಗೆ ಅದ್ದಿ ಬಿಡಬೇಕು. ಮುಚ್ಚಳ ಹಾಕಿ ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಒಳಗೆ ಹತ್ತಿ ಹಿಂಜಿದ ಹಾಗೆ ಗಸಿ ಕಟ್ಟುತ್ತದೆ. ಆಮ್ಲಜನಕ ಇದ್ದರೆ ಗಸಿ ಕಂದು ಬಣ್ಣ. ಇಲ್ಲದಿದ್ದರೆ ಬಿಳಿ.

ಮಧ್ಯಾಹ್ನದ ಬಾಟಲಿ ಕಡು ಕಂದಾಯಿತು. ಆಸಿಡ್ ಬಿದ್ದ ಮೇಲೆ ಗಸಿ ಕರಗಿ ನೀರೆಲ್ಲ ಗಾಢ ಹಳದಿ. ಸ್ಟಾರ್ಚ್ ಹಾಕಿದರೆ ನೀಲಿ. ಅಳತೆ ಗುರುತಿರುವ ಗಾಜಿನ ಕೊಳವೆ ಬ್ಯೂರೆಟ್ಟಿನಿಂದ ಥಯೋಸಲ್ಫೇಟ್ ತೊಟ್ಟು ತೊಟ್ಟಾಗಿ ಬಿಟ್ಟು, ನೀಲಿ ಪೂರ್ತಿ ಹೋದಾಗ ಎಷ್ಟು ಖರ್ಚಾಯಿತು ಅಂತ ಓದಿಕೊಳ್ಳೋದು. ಅದರಿಂದಲೇ ಆಮ್ಲಜನಕದ ಲೆಕ್ಕ. ಲೀಟರಿಗೆ 12 ಮಿಲಿಗ್ರಾಂ ದಾಟಿತ್ತು. ನೋಡಿದವರಿಗೆ ಖುಷಿ. ಮೇಷ್ಟ್ರು ಮಾತ್ರ ತಲೆ ಅಲ್ಲಾಡಿಸಿದರು. ಅವರ ಲೆಕ್ಕ ಹೀಗೆ: ಸಮುದ್ರಮಟ್ಟದಲ್ಲಿ 25 ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಸುಮಾರು 8.3 ಮಿಲಿಗ್ರಾಂ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಏಳೂವರೆ ಆಸುಪಾಸು. ಅದಕ್ಕಿಂತ ಇಷ್ಟು ಮೇಲೆ ಹೋಗಿದೆ ಅಂದರೆ ಅದು ಗಾಳಿಯ ಕೊಡುಗೆಯಲ್ಲ, ಬಿಸಿಲಿನಲ್ಲಿ ಪಾಚಿ ಬಿಟ್ಟಿದ್ದು. ಕೊಳಚೆಯ ಸಾರಜನಕ, ರಂಜಕ ಉಂಡು ಬೆಳೆದ ಪಾಚಿ. ಅದೇ ಪಾಚಿ ರಾತ್ರಿ ಬಿಸಿಲಿಲ್ಲದೆ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಜೊತೆಗೆ ತಳದ ಹೂಳಿನಲ್ಲಿರುವ ಬ್ಯಾಕ್ಟೀರಿಯಾ ಹಗಲು ರಾತ್ರಿ ಎಳೆಯುತ್ತಲೇ ಇರುತ್ತವೆ.

ಬೆಳಗಿನ ಜಾವ ಕೆರೆ ನಡುವಿನ ಬಾಟಲಿ ತೆಳು ಕಂದಾಯಿತು. ಲೀಟರಿಗೆ 2 ಮಿಲಿಗ್ರಾಂ ಆಚೀಚೆ. ಕಾಲುವೆ ಸೇರುವ ಮೂಲೆಯ ಬಾಟಲಿಯಲ್ಲಿ ಕಟ್ಟಿದ ಗಸಿ ಮಜ್ಜಿಗೆ ಒಡೆದ ಹಾಗೆ ಬೆಳ್ಳಗಿತ್ತು. ಥಯೋಸಲ್ಫೇಟ್ ಬಿಟ್ಟು ಅಳೆಯುವ (ಟೈಟ್ರೇಷನ್) ಅಗತ್ಯವೇ ಇರಲಿಲ್ಲ. ಆದರೂ ಮೇಷ್ಟ್ರು ಮಾಡಿಸಿದರು, ಪುಸ್ತಕಕ್ಕೆ ಬೇಕಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಡಿ' ದರ್ಜೆ ಅಂದರೆ ಮೀನು, ವನ್ಯಜೀವಿಗಳಿಗೆ ಆಗುವ ನೀರು. ಅದಕ್ಕೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಹತ್ತು ಗಂಟೆಗೆ ಅಳೆದರೆ ನಮ್ಮ ಕೆರೆ ಪಾಸು. ಐದೂವರೆಗೆ ಅಳೆದರೆ ಫೇಲು. ಮೀನು ಎರಡೂ ಹೊತ್ತು ಅದೇ ನೀರಲ್ಲಿರಬೇಕು. ಸಮಯ ಬರೆಯದ ಆಮ್ಲಜನಕದ ಅಂಕಿಯನ್ನು ನಾನಂತೂ ಇನ್ನು ನಂಬಲ್ಲ, ಯಾರೇ ಕೊಟ್ಟರೂ.

ಏಪ್ರಿಲ್: ಹಗಲಿನ ಕಾಟ

ಹಾಗಾದರೆ ಹಗಲು ಮೀನಿಗೆ ಆರಾಮವಾ? ಅಲ್ಲ. ಪಾಚಿ ಹಗಲು ನೀರಿನ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಏರುತ್ತದೆ. ನಮ್ಮಲ್ಲಿ ಮಧ್ಯಾಹ್ನ 9ರ ಹತ್ತಿರ ಬರುತ್ತಿದೆ. ಕೊಳಚೆಯಿಂದ ಬಂದ ಅಮೋನಿಯಾ ಪಿಎಚ್ 7ರಲ್ಲಿ ಬಹುಪಾಲು ನಿರುಪದ್ರವಿ ಅಮೋನಿಯಂ ಆಗಿರುತ್ತದೆ. ವಿಷದ ರೂಪ ನೂರಕ್ಕೆ ಒಂದು ಪಾಲೂ ಇರಲ್ಲ. 25 ಡಿಗ್ರಿಯಲ್ಲಿ ಪಿಎಚ್ 9 ಆದರೆ ಮೂರನೇ ಒಂದು ಪಾಲು ವಿಷದ ರೂಪಕ್ಕೆ ತಿರುಗುತ್ತದೆ. ಅಮೋನಿಯಾದ ಒಟ್ಟು ಲೆಕ್ಕ ಅಷ್ಟೇ, ಮೀನಿನ ಕಿವಿರಿಗೆ ತಾಗುವುದು ಮಾತ್ರ ಹಲವು ಪಟ್ಟು. ರಾತ್ರಿ ಉಸಿರಿಲ್ಲ, ಹಗಲು ಉರಿ.

ಈ ಕೆರೆಯಲ್ಲಿ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಷ್ ಬಿಟ್ಟರೆ ಬೇರೆ ಬಲೆಗೆ ಬೀಳೋದು ಕಡಿಮೆ ಯಾಕೆ ಅಂತ ಈಗ ಅರ್ಥವಾಗುತ್ತದೆ. ಕ್ಯಾಟ್‌ಫಿಷ್ ನೇರ ಗಾಳಿಯನ್ನೇ ಉಸಿರಾಡಬಲ್ಲದು.

ಮೇ: ತೇಲುವ ತೋಟ

ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ 2018ರಲ್ಲಿ ದೊಡ್ಡ ತೇಲುವ ದ್ವೀಪ ಮಾಡಿದ್ದರು. ನಮ್ಮದು ಒಂದು ಮಂಚದಷ್ಟು. ಎರಡೂ ತುದಿ ಮುಚ್ಚಿದ ಪಿವಿಸಿ ಪೈಪಿನ ಚೌಕಟ್ಟು, ಮೇಲೆ ಬಿದಿರು ದಬ್ಬೆ, ಗೋಣಿಚೀಲ, ತೆಂಗಿನ ನಾರು. ಕಾಬಾಳೆ, ಲಾವಂಚ, ಆಪು ನೆಟ್ಟೆವು. ಬೇರು ನೀರಿನಲ್ಲಿ ಇಳಿಬೀಳುತ್ತದೆ. ಕೊಳೆ ತಿನ್ನುವ ಬ್ಯಾಕ್ಟೀರಿಯಾ ಬೇರಿನ ಮೇಲೆ ಮನೆ ಮಾಡುತ್ತವೆ. ಸಾರಜನಕ, ರಂಜಕ ಗಿಡಕ್ಕೆ ಹೋಗುತ್ತವೆ. ಗಿಡ ಬಲಿತ ಮೇಲೆ ಕೊಯ್ದು ಕೆರೆಯಿಂದ ಆಚೆ ಸಾಗಿಸಲೇಬೇಕು. ಅಲ್ಲೇ ಕೊಳೆತರೆ ಹೀರಿದ್ದೆಲ್ಲ ವಾಪಸ್. ಕಿತ್ತ ಅಂತರಗಂಗೆಯನ್ನು ಏರಿ ಮೇಲೇ ರಾಶಿ ಹಾಕಿ ಬಿಡುವ ಪದ್ಧತಿಗೂ ಇದೇ ಮಾತು. ಮಳೆ ಬಂದರೆ ಅದರ ರಸ ಕೆರೆಗೇ ಇಳಿಯುತ್ತದೆ.

ಮೊದಲ ವಾರವೇ ನಾಮಕೋಳಿಗಳೂ ಜಂಬುಕೋಳಿಗಳೂ ಆಪಿನ ಸುಳಿಯನ್ನೆಲ್ಲ ಕಿತ್ತು ತಿಂದವು. ಮೇಲೆ ಸುಮ್ನೆ ಒಂದು ಹಳೇ ಬಲೆ ಹೊದಿಸಬಹುದಿತ್ತು, ಆದರೆ ಹಕ್ಕಿ ಕಾಲು ಸಿಕ್ಕಿಕೊಳ್ಳುತ್ತದೆ. ಬಿದಿರು ಕಡ್ಡಿಗಳನ್ನು ಒತ್ತೊತ್ತಾಗಿ ಚುಚ್ಚಿ ಬೇಲಿ ಮಾಡಿದ್ದೇವೆ. ಕಾಬಾಳೆಯನ್ನು ಅವು ಮುಟ್ಟಿಲ್ಲ. ಕೆಂಪು ಹೂ ಬಿಟ್ಟಿದೆ, ವಾಕಿಂಗ್ ಬರುವವರು ಫೋಟೋ ತೆಗೆಯುತ್ತಾರೆ.

ಇದರಿಂದ ಕೆರೆ ಶುದ್ಧವಾಗುತ್ತದೆ ಅಂತ ಯಾರೂ ತಿಳಿಯಬಾರದು. ಮಂಚದಷ್ಟು ತೋಟ ಇಡೀ ಕಾಲುವೆಗೆ ಏನು ಮಾಡೀತು? ಸರಿಯಾದ ದಾರಿ ಜಕ್ಕೂರು ಕೆರೆಯದು. ಅಲ್ಲಿ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕಕ್ಕೆ ಹೋಗಿ, ಆಮೇಲೆ ಆಪು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು, ಕೊನೆಗೆ ಕೆರೆಗೆ ಇಳಿಯುತ್ತದೆ.

ಜೂನ್: ಮೊದಲ ಮಳೆ

ನಾವು ಹೆದರಿದ್ದು ಇದಕ್ಕೇ. ಮೊದಲ ಜೋರು ಮಳೆ ಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೆಸರನ್ನೆಲ್ಲ ಒಮ್ಮೆಲೇ ಕೆರೆಗೆ ನೂಕುತ್ತದೆ. ಮೋಡ ಮುಚ್ಚಿದ್ದರೆ ಮಾರನೇ ದಿನ ಪಾಚಿಯೂ ಅಷ್ಟಾಗಿ ಆಮ್ಲಜನಕ ಕೊಡಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು. ನಮ್ಮಲ್ಲಿ ಈ ಸಲ ಕಾಲುವೆ ಮೂಲೆಯಲ್ಲಿ ಮಾತ್ರ ಸತ್ತ ಮೀನು ಕಂಡವು, ಹೆಚ್ಚಿನವು ಬೆರಳುದ್ದದ ಮರಿಗಳು. ತೆಪ್ಪದವರು ಬುಟ್ಟಿಯಲ್ಲಿ ಬಾಚಿ ಹೂತರು.

ಎರಡು ಹೊತ್ತಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಒಂದು ಪುಟದ ಅರ್ಜಿ ಕೊಟ್ಟಿದ್ದೇವೆ. ಕೇಳಿದ್ದು ಎರಡೇ: ಬೇಸಿಗೆಯಲ್ಲಿ ಹರಿಯುವ ಕಾಲುವೆ ನೀರನ್ನು ಒಳಚರಂಡಿಗೆ ತಿರುಗಿಸಿ, ಕೆರೆ ಬಾಯಲ್ಲಿ ಕೆಸರು ತಂಗುವ ಗುಂಡಿ ಮಾಡಿ. ಸ್ಥಳ ನೋಡಲು ಬಂದ ಇಂಜಿನಿಯರ್ ಮಧ್ಯಾಹ್ನ ಬಂದರು. ಮಾರ್ಚ್ ತಿಂಗಳ ಬಿಳಿ ಗಸಿಯ ಫೋಟೋ ತೋರಿಸಿದಾಗ "ಇದು ಯಾವ ಕೆರೆದು?" ಅಂತ ಕೇಳಿದರು. ಮುಂದಿನ ಸಲ ಐದೂವರೆಗೇ ಬರುತ್ತೇನೆ ಅಂದಿದ್ದಾರೆ.

ಅಲ್ಲಿಯವರೆಗೆ ಕಾಲುವೆಯನ್ನು ಮೇಲಕ್ಕೆ ಹಿಡಿದು ಹೋಗುವ ಕೆಲಸವಿದೆ. ಪ್ರತಿ ಮೋರಿ ಸೇರುವ ಕಡೆ ಮೇಲೊಂದು, ಕೆಳಗೊಂದು ಬಾಟಲಿ ನೀರು ತೆಗೆದು, ಅಮೋನಿಯಾ ಎಲ್ಲಿ ದಿಢೀರ್ ಏರುತ್ತದೆ ಅಂತ ನೋಡಬೇಕು. ಬ್ಯೂರೆಟ್ಟಿನ ನಲ್ಲಿ ಸೋರುತ್ತಿದೆ. ಯಾರ ಹತ್ತಿರವಾದರೂ 25 ಮಿಲಿಲೀಟರಿನದು ಸುಮ್ಮನೆ ಬಿದ್ದಿದ್ದರೆ ಹೇಳಿ, ಬಂದು ತೆಗೆದುಕೊಂಡು ಹೋಗುತ್ತೇವೆ.